ಗ್ಲಾಸ್ ಏರದ ಗಾಡಿ, ಕಳೆದುಹೋದ ಐದು ವೋಲ್ಟ್

ಮಂಡ್ಯ ಕಡೆ ಕಬ್ಬಿನ ಗದ್ದೆ ದಾರಿಯಲ್ಲಿ ಓಡಾಡುವವರಿಗೆ ಗೊತ್ತು, ಎದುರಿಗೆ ಟ್ರ್ಯಾಕ್ಟರ್ ಬಂತೆಂದರೆ ತಕ್ಷಣ ಗ್ಲಾಸ್ ಏರಿಸಬೇಕು. ಇಲ್ಲದಿದ್ದರೆ ಒಳಗೆಲ್ಲಾ ಧೂಳು. ನಮ್ಮ 2004ರ ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಡ್ರೈವರ್ ಕಡೆಯ ಗ್ಲಾಸ್ ಒಮ್ಮೆ ಏರುತ್ತಿತ್ತು, ಒಮ್ಮೆ ಇಲ್ಲ. ಹಿಂದಿನ ಎಡಗಡೆಯದು ಅರ್ಧಕ್ಕೆ ಇಳಿದು ಅಲ್ಲೇ ನಿಂತುಬಿಟ್ಟಿತ್ತು. ಪಾಂಡವಪುರದಿಂದ ಬರುವಾಗ ನಾಲೆ ಏರಿ ಮೇಲೆ ಜೋರು ಮಳೆ. ಹಿಂದೆ ಕೂತಿದ್ದ ಅವ್ವ ದಾರಿಯುದ್ದಕ್ಕೂ ಟವೆಲ್ ಅಡ್ಡ ಹಿಡಿದುಕೊಂಡೇ ಬಂದಳು. ಮನೆಗೆ ಬಂದಾಗ ಅವಳ ಸೀರೆ ಪೂರ್ತಿ ಒದ್ದೆ. ಇನ್ನು ಮುಂದೂಡುವುದು ಬೇಡ ಅನ್ನಿಸಿತು.

ಎಲೆಕ್ಟ್ರಿಷಿಯನ್ ಒಬ್ಬ ಸ್ವಿಚ್ ಒತ್ತಿ ನೋಡಿದ. "ಮೋಟ್ರು ಹೋಗ್ಯದೆ ಕಣಣ್ಣ, ಎರಡೂ ಬ್ಯಾರೆ ಹಾಕ್ಬುಡನ" ಅಂದ. ಎರಡು ಮೋಟಾರ್ ಒಟ್ಟಿಗೆ ಹೋಗುತ್ತವಾ? ನನಗೆ ನಂಬಿಕೆ ಬರಲಿಲ್ಲ. ಪಂಪ್‌ಸೆಟ್ ಸ್ಟಾರ್ಟರ್ ನೋಡುವುದಕ್ಕೆ ತಂದಿದ್ದ, ವೋಲ್ಟ್ ಅಳೆಯುವ ಮಲ್ಟಿಮೀಟರ್ ಮನೆಯಲ್ಲಿತ್ತು. ಭಾನುವಾರ ಬೆಳಿಗ್ಗೆ ನಾನೇ ಕೂತೆ.

ಮೊದಲು ಹಿಂದಿನ ಬಾಗಿಲು. ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಗಡೆಯ ಹೊದಿಕೆ, ಬಿಚ್ಚುವಾಗ ಹಳೇ ಪ್ಲಾಸ್ಟಿಕ್ ಕ್ಲಿಪ್ ಮೂರು ಮುರಿದವು. ನೀವು ಮಾಡುವುದಾದರೆ ಹೊಸ ಕ್ಲಿಪ್ ಮೊದಲೇ ತಂದಿಟ್ಟುಕೊಳ್ಳಿ. ಒಳಗೆ ಕೈ ಹಾಕುವ ಮುಂಚೆ ಗ್ಲಾಸನ್ನು ಅಗಲವಾದ ಟೇಪಿನಿಂದ ಮೇಲಿನ ಚೌಕಟ್ಟಿಗೆ ಬಿಗಿದು ಅಂಟಿಸಿ. ಅದು ಜಾರಿದರೆ ಬೆರಳಿಗೆ ಅಪಾಯ.

ಮೋಟಾರಿನ ಕನೆಕ್ಟರ್ ಬಿಚ್ಚಿ ಮೀಟರ್ ಹಿಡಿದು, ಸ್ವಿಚ್ ಒತ್ತಿದೆ. 12.3 ವೋಲ್ಟ್ ತೋರಿಸಿತು. ಕರೆಂಟ್ ಬರ್ತಾ ಇದೆ, ಹಾಗಾದರೆ ಮೋಟಾರೇ ಹೋಗಿದೆ ಅಂತ ಬಹಳ ಜನ ತೀರ್ಮಾನ ಮಾಡುವುದು ಇಲ್ಲೇ. ದಯವಿಟ್ಟು ಇಲ್ಲಿ ನಿಲ್ಲಿಸಬೇಡಿ. ಕನೆಕ್ಟರ್ ಮತ್ತೆ ಹಾಕಿ, ಅದರ ಹಿಂದಿನಿಂದ ಎರಡು ಗುಂಡುಪಿನ್ ತೂರಿಸಿ, ಮೋಟಾರ್ ಸೇರಿಕೊಂಡಿರುವಾಗಲೇ ಸ್ವಿಚ್ ಒತ್ತಿ ಅಳೆದೆ. ಬರೀ 7 ವೋಲ್ಟ್! ಭಾರ ಬಿದ್ದ ತಕ್ಷಣ, ಅಂದರೆ ಮೋಟಾರ್ ಕರೆಂಟ್ ಎಳೆದ ಕೂಡಲೇ, ಐದು ವೋಲ್ಟ್ ದಾರಿಯಲ್ಲೇ ಎಲ್ಲೋ ಕಳೆದುಹೋಗುತ್ತಿತ್ತು. ಬ್ಯಾಟರಿಯಿಂದ ನೇರ ಎರಡು ವೈರ್ ಎಳೆದು, ನಡುವೆ 20 ಆಂಪ್ಸ್ ಫ್ಯೂಸ್ ಹಾಕಿ ಮೋಟಾರಿಗೆ ಮುಟ್ಟಿಸಿದೆ. ಗ್ಲಾಸ್ ಸರ್ರನೆ ಏರಿತು. ಮೋಟಾರ್ ಚೆನ್ನಾಗೇ ಇತ್ತು.

ಇಲ್ಲಿ ಒಂದು ವಿಷಯ ಗೊತ್ತಿರಬೇಕು. ಇಂಥ ಹಳೇ ಗಾಡಿಗಳಲ್ಲಿ ಸಾಮಾನ್ಯವಾಗಿ ಸುಮ್ಮನಿರುವಾಗ ಮೋಟಾರಿನ ಎರಡೂ ವೈರ್ ಅರ್ತಿಗೆ, ಅಂದರೆ ಬ್ಯಾಟರಿಯ ಮೈನಸ್ ಕಡೆಗೆ, ಸೇರಿರುತ್ತವೆ. ಏರಿಸಲು ಒತ್ತಿದರೆ ಒಂದಕ್ಕೆ 12 ವೋಲ್ಟ್ ಬರುತ್ತದೆ, ಇಳಿಸಲು ಒತ್ತಿದರೆ ಇನ್ನೊಂದಕ್ಕೆ. ಹಿಂದಿನ ಬಾಗಿಲಿಗೆ ಆ ಅರ್ತ್ ಸಿಗುವುದು ಡ್ರೈವರ್ ಕಡೆಯ ದೊಡ್ಡ ಸ್ವಿಚ್ ಮೂಲಕ. ಅಂದರೆ ತೊಂದರೆ ಕಾಣುವುದು ಹಿಂದೆ, ಇರುವುದು ಮುಂದೆ! ಆ ಸ್ವಿಚ್ ಬಿಚ್ಚಿದರೆ ಒಳಗಿನ ತಾಮ್ರದ ಪಾಯಿಂಟ್‌ಗಳು ಕಾಡಿಗೆ ಹಚ್ಚಿದ ಹಾಗೆ ಕಪ್ಪಾಗಿದ್ದವು. ನುಣುಪಾದ ಉಪ್ಪುಕಾಗದದಲ್ಲಿ ಮೆಲ್ಲಗೆ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆ. ಈಗ ಅಳೆದರೆ 11.7.

ಡ್ರೈವರ್ ಬಾಗಿಲಿನದು ಬೇರೆ ಕಥೆ. ಬಾಗಿಲು ಪೂರ್ತಿ ತೆಗೆದರೆ ಗ್ಲಾಸ್ ಓಡುತ್ತಿತ್ತು, ಮುಚ್ಚಿದರೆ ಇಲ್ಲ. ಈ ಲಕ್ಷಣ ಕಂಡರೆ ಬೇರೆಲ್ಲೂ ಹುಡುಕಬೇಡಿ, ಮೊದಲು ಕೀಲಿನ ಹತ್ತಿರ ಇರುವ ರಬ್ಬರ್ ಕೊಳವೆ ನೋಡಿ. ದಿನಕ್ಕೆ ಹತ್ತು ಸಲ ಆ ಬಾಗಿಲು ತೆಗೆದು ಮುಚ್ಚಿ ವೈರ್ ಅಲ್ಲೇ ಮಡಚುತ್ತದೆ. ಕೊಳವೆ ಹಿಂದೆ ಸರಿಸಿದೆ. ಹೊರಗಿನ ಹೊದಿಕೆ ಸರಿಯಿತ್ತು, ಒಳಗಿನ ತಂತಿ ತುಂಡಾಗಿತ್ತು. ಸುಮ್ನೆ ತಿರುಚಿ ಟೇಪ್ ಸುತ್ತಿದರೆ ಜಾಸ್ತಿ ದಿನ ಬಾಳುವುದಿಲ್ಲ. ಮೆತ್ತಗಿನ ಹೊಸ ವೈರ್ ಸ್ವಲ್ಪ ಉದ್ದಕ್ಕೇ ಸೇರಿಸಿ, ಮಡಚುವ ಜಾಗದಿಂದ ದೂರದಲ್ಲಿ ಸಾಲ್ಡರ್ ಮಾಡಿ, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಟ್ಯೂಬ್ ಹಾಕಿದೆ.

ಗ್ಲಾಸ್ ಓಡುವ ರಬ್ಬರ್ ಚಾನೆಲ್‌ನಲ್ಲಿ ವರ್ಷಗಟ್ಟಲೆ ಧೂಳು ಗಟ್ಟಿಯಾಗಿತ್ತು. ಸ್ಟೀಲ್ ಸ್ಕೇಲಿಗೆ ಒದ್ದೆ ಬಟ್ಟೆ ಸುತ್ತಿ ನಾಲ್ಕು ಬಾಗಿಲಿನದೂ ತೆಗೆದು, ಒಣಗಿದ ಮೇಲೆ ಸಿಲಿಕಾನ್ ಸ್ಪ್ರೇ ಹೊಡೆದೆ. ಇಂಜಿನ್ ಆಯಿಲ್, ಗ್ರೀಸ್ ಅಲ್ಲಿ ಬೇಡ. ರಬ್ಬರ್ ಹಾಳಾಗುತ್ತದೆ, ಧೂಳೂ ಅಂಟುತ್ತದೆ. ಪ್ಯಾಡ್ ಹಾಕುವ ಮುಂಚೆ ಅದರ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಮರೆಯದೆ ಅಂಟಿಸಿ. ಅದಿಲ್ಲದಿದ್ದರೆ ಮಳೆ ನೀರು ಬಾಗಿಲಿನ ಒಳಗಿಂದ ಮ್ಯಾಟ್ ಮೇಲೆ ಇಳಿಯುತ್ತದೆ.

ಈಗ ಮೂರು ಗ್ಲಾಸ್ ಚೆನ್ನಾಗಿ ಓಡುತ್ತಿವೆ. ಹಿಂದಿನ ಬಲಗಡೆಯದು ಮಾತ್ರ ಇತ್ತೀಚೆಗೆ ಬಾಗಿಲಿಗೆ ಒಂದು ಗುದ್ದು ಕೊಟ್ಟರಷ್ಟೇ ಹೊರಡುತ್ತಿತ್ತು. ಅಲ್ಲಿ ಮೋಟಾರ್ ಸೇರಿಸಿಯೇ ಅಳೆದೆ, ವೋಲ್ಟ್ ಪೂರ್ತಿ ಇತ್ತು. ಹಾಗಾಗಿ ಅದರ ಬ್ರಷ್, ಅಂದರೆ ಮೋಟಾರಿನೊಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು, ಸವೆದಿರಬೇಕು. ಅದೊಂದಕ್ಕೆ ಮೋಟಾರ್ ತರಲು ಮುಂದಿನ ವಾರ ಮೈಸೂರಿಗೆ ಹೋಗುತ್ತಿದ್ದೇನೆ. ಎಡಗಡೆಯದು ಬಲಕ್ಕೆ ಕೂರುವುದಿಲ್ಲ, ಅದಕ್ಕೇ ಅಂಗಡಿಯಲ್ಲಿ ತೋರಿಸಲು ಹಳೇದನ್ನು ಬಿಚ್ಚಿ ಚೀಲಕ್ಕೆ ಹಾಕಿಟ್ಟಿದ್ದೇನೆ.