ಐಸ್ ಹತ್ತಿಸುವ ಕೆಲಸ

ಹಿಮಾಚಲದ ಸ್ಪಿತಿ ಕಣಿವೆಯಲ್ಲಿ ಚಳಿಗಾಲಕ್ಕೆ ಹೆಪ್ಪುಗಟ್ಟುವ ಜಲಪಾತಗಳನ್ನು ಹತ್ತಿಸುವುದು ನನ್ನ ಕೆಲಸ. ದೀಪಾವಳಿ ಮುಗಿಯುತ್ತಿದ್ದಂತೆ ನನಗೆ ಫೋನ್ ಬರಲು ಶುರುವಾಗುತ್ತದೆ. ರಾಮನಗರ, ತುರಹಳ್ಳಿಯ ಬಂಡೆಗಳಲ್ಲಿ ಕೈ ಪಳಗಿದವರು, ಕಂಠೀರವ ಕ್ರೀಡಾಂಗಣದ ಗೋಡೆಯಲ್ಲಿ ಸಂಜೆ ಅಭ್ಯಾಸ ಮಾಡುವವರು, ಬರೀ ವಿಡಿಯೊ ನೋಡಿ ಆಸೆಪಟ್ಟವರು, ಹೀಗೆ ನಾನಾ ತರಹದವರು. ‘ಸರ್, ಈ ಸಲ ಸ್ಪಿತಿಯಲ್ಲಿ ಐಸ್ ಹೇಗಿರುತ್ತೆ?’ ಎಂದು ಕೇಳುತ್ತಾರೆ. ‘ಹೋಗಿ ನೋಡಿದ ಮೇಲೆ ಹೇಳ್ತೀನಿ’ ಎನ್ನುತ್ತೇನೆ. ಜಾರಿಕೊಳ್ಳುತ್ತಿದ್ದಾನೆ ಅಂತ ಕೆಲವರಿಗೆ ಅನ್ನಿಸುವುದುಂಟು. ಇಷ್ಟು ವರ್ಷ ಗೈಡ್ ಆಗಿ ದುಡಿದ ಮೇಲೂ ಇದಕ್ಕಿಂತ ಪ್ರಾಮಾಣಿಕವಾದ ಉತ್ತರ ನನ್ನಲ್ಲಿಲ್ಲ.

ರಾಮನಗರದ, ಸಾವನದುರ್ಗದ ಬಂಡೆಗಳು ಕ್ಲೋಸ್‌ಪೇಟ್ ಗ್ರಾನೈಟ್. ಅವುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಹತ್ತು ವರ್ಷ ಬಿಟ್ಟು ಹೋದರೂ ಅದೇ ಬಿರುಕು, ಅದೇ ಹಿಡಿತ ಅಲ್ಲೇ ಇರುತ್ತದೆ. ಸ್ಪಿತಿಯಲ್ಲಿ ನಾನು ಹತ್ತಿಸುವ ಜಲಪಾತಕ್ಕೆ ಹೆಚ್ಚೆಂದರೆ ಎರಡು ತಿಂಗಳ ವಯಸ್ಸು. ಡಿಸೆಂಬರಿನಲ್ಲಿ ಕಟ್ಟಿಕೊಂಡು, ಜನವರಿಯಲ್ಲಿ ಗಟ್ಟಿಯಾಗಿ, ಆಮೇಲೆ ಬಿಸಿಲಿಗೆ ಕಳಚಿ ಬೀಳುತ್ತದೆ. ಮರುವರ್ಷ ಅದೇ ಜಾಗದಲ್ಲಿ ಕಟ್ಟಿಕೊಳ್ಳುವುದು ಬೇರೆಯೇ ಜಲಪಾತ. ಹೋದ ವರ್ಷ ಹಗ್ಗದ ಆಧಾರಕ್ಕೆ ಐಸ್‌ನೊಳಗೆ ತಿರುಗಿಸಿ ಸ್ಕ್ರೂ ಹಾಕಿದ ಜಾಗದಲ್ಲಿ ಈ ವರ್ಷ ಬರೀ ಕಲ್ಲಿರಬಹುದು. ಹಾಗಾಗಿ ನನ್ನ ಅನುಭವ ಎಂದರೆ ದಾರಿಯ ನೆನಪಲ್ಲ, ಪ್ರತಿ ಬೆಳಿಗ್ಗೆ ಹೊಸದಾಗಿ ನೋಡುವ ಅಭ್ಯಾಸ.

ಈ ವಿದ್ಯೆಯ ಮೊದಲ ಪಾಠ ನನಗೆ ಸಿಕ್ಕಿದ್ದು ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯಲ್ಲಿ. ಬೇಸಿಕ್, ಅಡ್ವಾನ್ಸ್, ಆಮೇಲೆ ಕಲಿಸುವುದನ್ನೇ ಕಲಿಸುವ ಕೋರ್ಸ್. ಅಲ್ಲಿನ ಅಭ್ಯಾಸ ಹೆಚ್ಚಾಗಿ ಹಿಮನದಿಯ ಮೇಲೆ. ನೆಟ್ಟಗೆ ನಿಂತ ಜಲಪಾತವನ್ನು ಹತ್ತುವುದನ್ನು ನನಗಿಂತ ಹಿರಿಯರ ಹಗ್ಗ ಹಿಡಿದು ನಿಂತು ಕಲಿತೆ.

ನನ್ನ ಚಳಿಗಾಲದ ಕೆಲಸ ಮೊದಲಾಗುವುದು ಬೆಂಗಳೂರಿನ ಮನೆಯ ಬಾಲ್ಕನಿಯಲ್ಲಿ, ಅರ ಹಿಡಿದು. ಕೈಯಲ್ಲಿ ಹಿಡಿದು ಐಸ್‌ಗೆ ಬೀಸುವ ಸಣ್ಣ ಕೊಡಲಿಯಂಥ ಐಸ್ ಟೂಲ್‌ಗಳ ಮೊನೆ, ಬೂಟಿನ ತಳಕ್ಕೆ ಕಟ್ಟುವ ಕ್ರಾಂಪಾನಿನ ಮುಂದಿನ ಹಲ್ಲುಗಳು, ಎಲ್ಲವನ್ನೂ ಕೈಯಲ್ಲೇ ಉಜ್ಜುತ್ತೇನೆ. ಗ್ರೈಂಡರಿಗೆ ಕೊಟ್ಟರೆ ಐದು ನಿಮಿಷದ ಕೆಲಸ, ಆದರೆ ಆ ಬಿಸಿಗೆ ಉಕ್ಕಿನ ಹದ ಕೆಡುತ್ತದೆ. ಹದ ಕೆಟ್ಟ ಮೊನೆ ಬೇಗ ಮೊಂಡಾಗುತ್ತದೆ. ಅರವನ್ನು ಒಂದೇ ದಿಕ್ಕಿಗೆ, ಮೊನೆಯ ಮೂಲ ಆಕಾರ ಬದಲಾಗದಂತೆ ಎಳೆಯಬೇಕು. ಮೊನೆ ಮೊಂಡಾದಷ್ಟೂ ಜೋರಾಗಿ ಬೀಸಬೇಕಾಗುತ್ತದೆ, ಜೋರಾಗಿ ಬೀಸಿದಷ್ಟೂ ತಟ್ಟೆಯಗಲದ ಐಸ್ ಸಿಡಿದು ಕೆಳಗೆ ಹಗ್ಗ ಹಿಡಿದವನ ಕಡೆಗೆ ಹೋಗುತ್ತದೆ. ಅದಕ್ಕೇ ಈ ಕೆಲಸವನ್ನು ನಾನು ಬೇರೆ ಯಾರಿಗೂ ಒಪ್ಪಿಸುವುದಿಲ್ಲ.

ನನ್ನ ಜೊತೆ ಬರುವವರು ಮೊದಲು ಒಂದು ಭಾನುವಾರ ರಾಮನಗರಕ್ಕೆ ಬರಲೇಬೇಕು. ಎಷ್ಟು ಚೆನ್ನಾಗಿ ಹತ್ತುತ್ತಾರೆ ಎನ್ನುವುದಕ್ಕಿಂತ ಹಗ್ಗ ಹಿಡಿದಾಗ ಅವರ ಕಣ್ಣು ಎಲ್ಲಿರುತ್ತದೆ ಎಂದು ಗಮನಿಸುತ್ತೇನೆ. ಮಾತು ನಡೆಯುತ್ತಿರುವಾಗಲೂ ಮೇಲಿರುವವರ ಕಾಲನ್ನೇ ನೋಡುತ್ತಿದ್ದರೆ ನನಗೆ ಧೈರ್ಯ. ಒಳಾಂಗಣದ ಗೋಡೆಯಲ್ಲಿ ಕಲಿತವರಿಗೆ ಹಿಮ್ಮಡಿ ಎತ್ತಿ ನಿಲ್ಲುವ ರೂಢಿ ಇರುತ್ತದೆ. ಐಸ್‌ನಲ್ಲಿ ಹಾಗೆ ನಿಂತರೆ ಮುಂದಿನ ಹಲ್ಲುಗಳು ಕಿತ್ತುಬರುತ್ತವೆ. ಹಿಮ್ಮಡಿ ತಗ್ಗಿಸಿ, ಮೀನಖಂಡದ ಬಲದಲ್ಲಿ ನಿಲ್ಲಬೇಕು. ಮನೆಯ ಮೆಟ್ಟಿಲ ಅಂಚಿನಲ್ಲಿ ದಿನಾ ನಿಂತು ಅಭ್ಯಾಸ ಮಾಡಿ ಎನ್ನುತ್ತೇನೆ. ಮಾಡಿದವರು ಯಾರು, ಮಾಡದವರು ಯಾರು ಎಂಬುದು ಅಲ್ಲಿ ಮೊದಲ ದಿನವೇ ಗೊತ್ತಾಗುತ್ತದೆ.

ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಸ್ಪಿತಿಯ ಮುಖ್ಯ ಊರು ಕಾಜಾವೇ 3,600 ಮೀಟರ್ ದಾಟುತ್ತದೆ. ಚಳಿಗಾಲದಲ್ಲಿ ಮನಾಲಿ ಕಡೆಯ ದಾರಿಯ ಕುಂಜುಮ್ ಪಾಸ್ ಮುಚ್ಚಿರುವುದರಿಂದ ಶಿಮ್ಲಾ, ರಾಂಪುರ, ಕಿನ್ನೌರ್, ತಾಬೋ ದಾರಿ ಹಿಡಿಯುತ್ತೇವೆ. ಬಳಸು ದಾರಿ, ಆದರೆ ದೇಹಕ್ಕೆ ಒಳ್ಳೆಯದು, ಎತ್ತರ ನಿಧಾನವಾಗಿ ಏರುತ್ತದೆ. ಲಡಾಖಿನ ಲೇಹ್‌ಗೆ ವಿಮಾನದಲ್ಲಿ ಹೋದರೆ ಒಂದೇ ಬೆಳಿಗ್ಗೆ 3,500 ಮೀಟರ್‌ಗೆ ತಂದು ಇಳಿಸುತ್ತಾರೆ. ಅಲ್ಲಿ ಎರಡು ದಿನ ಸುಮ್ಮನಿರಲೇಬೇಕು ಎಂದರೆ ರಜೆ ಎಣಿಸಿ ಬಂದವರಿಗೆ ಬೇಸರ. ತಲೆನೋವನ್ನು ಮುಚ್ಚಿಟ್ಟುಕೊಳ್ಳುವವರ ಬಗ್ಗೆ ನನಗೆ ಹೆಚ್ಚು ಚಿಂತೆ. ಬೆಳಿಗ್ಗೆ ಟೀ ಕುಡಿಯುವಾಗ ಒಬ್ಬೊಬ್ಬರನ್ನೂ ಬಿಡಿಯಾಗಿ ವಿಚಾರಿಸುತ್ತೇನೆ, ಎಲ್ಲರೆದುರು ಕೇಳಿದರೆ ನಿಜ ಹೇಳುವುದಿಲ್ಲ.

ಸ್ಪಿತಿಯ ಲಿಂಗ್ಟಿಯಲ್ಲಾಗಲಿ, ಪಿನ್ ಕಣಿವೆಯಲ್ಲಾಗಲಿ, ಜಲಪಾತದ ಬುಡಕ್ಕೆ ಹೋದ ಕೂಡಲೇ ಹಾರ್ನೆಸ್, ಅಂದರೆ ಹಗ್ಗ ಸಿಕ್ಕಿಸುವ ಸೊಂಟಪಟ್ಟಿ, ಕಟ್ಟಲು ಬಿಡುವುದಿಲ್ಲ. ಮೊದಲು ದೂರ ನಿಂತು ನೋಡಬೇಕು. ನೀಲಿಯಾಗಿದ್ದರೆ ಒಳಗೆ ಗಾಳಿ ಕಡಿಮೆ, ಒತ್ತಾಗಿ ಕಟ್ಟಿಕೊಂಡಿದೆ. ಬೆಳ್ಳಗಿದ್ದರೆ ಗಾಳಿಗುಳ್ಳೆ ಹೆಚ್ಚು, ಸ್ಕ್ರೂ ಹಿಡಿಯುವುದು ಅನುಮಾನ. ಬೂದು ಬಣ್ಣಕ್ಕೆ ತಿರುಗಿ ಹಿಂದೆ ನೀರು ಹರಿಯುವ ಸದ್ದು ಕೇಳಿದರೆ ಐಸ್ ಕಲ್ಲಿನಿಂದ ಬಿಡುತ್ತಿರಬಹುದು. ಟೂಲ್ ಬೀಸಿದಾಗ ‘ತಕ್’ ಅಂತ ಗಟ್ಟಿ ಸದ್ದು ಬರಬೇಕು. ಟೊಳ್ಳು ಸದ್ದು ಬಂದ ಕಡೆ ನಾನು ನಿಲ್ಲುವುದಿಲ್ಲ, ಯಾರನ್ನೂ ನಿಲ್ಲಿಸುವುದೂ ಇಲ್ಲ.

ಚಳಿ ಹೆಚ್ಚಿದಷ್ಟೂ ಐಸ್ ಒಳ್ಳೆಯದು ಎಂದುಕೊಂಡು ಬರುವವರೇ ಹೆಚ್ಚು. ನಿಜಕ್ಕೂ ಹದವಾಗಿರುವುದು ಸೊನ್ನೆಗಿಂತ ಸ್ವಲ್ಪ ಕೆಳಗೆ, ಮೈನಸ್ ಐದರ ಆಸುಪಾಸಿನಲ್ಲಿ. ಮೈನಸ್ ಇಪ್ಪತ್ತಕ್ಕೆ ಇಳಿದರೆ ಗಾಜಿನಂತೆ ಸಿಡಿಯುತ್ತದೆ. ರಾತ್ರೋರಾತ್ರಿ ಉಷ್ಣಾಂಶ ಕುಸಿದಾಗಲಂತೂ ಐಸ್ ಕುಗ್ಗಿ ಒಳಗೆಲ್ಲ ಬಿಗಿದುಕೊಂಡಿರುತ್ತದೆ. ಮೇಲಿನಿಂದ ಇಳಿಬಿದ್ದ ಕಂಬಕ್ಕೆ ಅಂಥ ಬೆಳಿಗ್ಗೆ ಒಂದು ಪೆಟ್ಟು ಬಿದ್ದರೆ ಇಡೀ ಕಂಬವೇ ಮುರಿಯಬಹುದು.

ಅಂಥದ್ದೊಂದು ಬೆಳಿಗ್ಗೆ ತಂಡವನ್ನು ಬುಡದಿಂದಲೇ ವಾಪಸ್ ಕರೆದುಕೊಂಡು ಬಂದೆ. ಬಸವನಗುಡಿಯ ಹುಡುಗಿಯೊಬ್ಬಳು ಕೇಳಿದಳು: ‘ಸರ್, ಇಷ್ಟು ದೂರ ಬಂದಿದೀವಿ, ಅರ್ಧಕ್ಕಾದ್ರೂ ಹೋಗೋಣ?’ ‘ಬೇಡಮ್ಮ, ಮುರಿದ್ರೆ ಅರ್ಧ ಮುರಿಯಲ್ಲ ಅದು’ ಎಂದೆ. ಮುಖ ಸಪ್ಪಗಾಯಿತು, ಮತ್ತೆ ಕೇಳಲಿಲ್ಲ. ಆ ದಿನವಿಡೀ ನಾವು ಉಳಿದಿದ್ದ ಮನೆ ಹತ್ತಿರದ ಸಣ್ಣ ಐಸ್ ಇಳಿಜಾರಿನಲ್ಲಿ ಸ್ಕ್ರೂ ಹಾಕುವುದು, ಅಬಲಕೋವ್ ದಾರ ಕಟ್ಟುವುದನ್ನು ಕಲಿಸಿದೆ. ಉದ್ದನೆಯ ಸ್ಕ್ರೂನಿಂದ ಎರಡು ಕಡೆ ಓರೆಯಾಗಿ ಕೊರೆದು, ಎರಡು ತೂತು ಒಳಗೆ ಕೂಡುವಂತೆ ಮಾಡಿ, ಅದರಲ್ಲಿ ಹುರಿ ತೂರಿಸಿ ಗಂಟು ಹಾಕುವುದು. ಈ ಹುರಿಯ ಆಧಾರದಲ್ಲೇ ಹಗ್ಗ ಹಾಕಿ ಇಳಿಯಬಹುದು, ದುಬಾರಿ ಸ್ಕ್ರೂ ಬಿಟ್ಟು ಬರಬೇಕಾಗಿಲ್ಲ. ಸೋವಿಯತ್ ಪರ್ವತಾರೋಹಿ ವಿಟಾಲಿ ಅಬಲಕೋವ್ ಹೆಸರಿನ ಈ ಉಪಾಯ ನನಗೆ ಇಡೀ ವಿದ್ಯೆಯಲ್ಲೇ ತುಂಬ ಇಷ್ಟ. ಅವಳ ಎರಡು ತೂತು ಒಳಗೆ ಕೂಡಿಕೊಂಡು, ಹುರಿ ಇನ್ನೊಂದು ಕಡೆ ಹೊರಬಂದಾಗ ಅವಳು ಕೂಗಿದ್ದು ಕಣಿವೆಗೆಲ್ಲ ಕೇಳಿಸಿರಬೇಕು.

ಕೈನೋವಿನ ಬಗ್ಗೆ ಮಾತ್ರ ಎಲ್ಲರಿಗೂ ಮೊದಲೇ ಹೇಳಿಬಿಡುತ್ತೇನೆ. ಕೈ ಮೇಲೆತ್ತಿ ಟೂಲ್ ಬಿಗಿಹಿಡಿದಾಗ ಬೆರಳಿಗೆ ರಕ್ತ ಹೋಗುವುದಿಲ್ಲ. ಇಳಿಸಿದಾಗ ಅದು ಮರಳಿ ನುಗ್ಗುತ್ತದೆ, ವಾಂತಿ ಬರುವಷ್ಟು ಉರಿಯುತ್ತದೆ. ಕೆಲವು ನಿಮಿಷ, ಅಷ್ಟೆ. ಹಿಡಿತ ಸಡಿಲಿಸಿ, ಒಂದೊಂದೇ ಕೈ ಕೆಳಗಿಳಿಸಿ ಕೊಡವುತ್ತ ಹತ್ತಿದರೆ ತಪ್ಪಿಸಬಹುದು.

ನಾವು ಉಳಿಯುವ ಮನೆಯಲ್ಲಿ ಚಳಿಗಾಲಕ್ಕೆ ಎಲ್ಲರೂ ಒಂದೇ ಕೋಣೆಯಲ್ಲಿ, ಕಬ್ಬಿಣದ ಒಲೆಯ ಸುತ್ತ ಇರುತ್ತಾರೆ. ಅದನ್ನು ಅಲ್ಲಿ ತಂದೂರ್ ಎನ್ನುತ್ತಾರೆ. ನಲ್ಲಿಯ ನೀರು ಹೆಪ್ಪುಗಟ್ಟಿರುತ್ತದೆ, ದೂರದಿಂದ ಹೊತ್ತು ತರಬೇಕು. ಆ ಮನೆಯ ದೀದಿಯೂ ನನ್ನ ಹಾಗೆ ಹಿಮವನ್ನೇ ಲೆಕ್ಕ ಹಾಕುವವರು. ಹಿಮ ಕಡಿಮೆ ಬಿದ್ದರೆ ಬೇಸಿಗೆಯಲ್ಲಿ ಬಟಾಣಿ ಹೊಲಕ್ಕೆ ನೀರಿಲ್ಲ. ನನಗಾದರೆ ಒಂದು ಜಲಪಾತ ತಪ್ಪುತ್ತದೆ, ಅವರಿಗೆ ಆ ವರ್ಷದ ಬೆಳೆ. ಹಾಗಾಗಿ ಅವರೆದುರು ಐಸ್ ಸರಿಯಿಲ್ಲ ಎಂದು ಗೊಣಗಬೇಡಿ ಅಂತ ತಂಡಕ್ಕೆ ಹೇಳಿರುತ್ತೇನೆ.

ಆ ಊರಿನ ಇಬ್ಬರು ಹುಡುಗರು ಮೊದಲು ನಮ್ಮ ಸಾಮಾನು ಹೊರಲು ಬರುತ್ತಿದ್ದರು. ಆಮೇಲೆ ಹಗ್ಗ ಹಿಡಿಯಲು ಕಲಿತರು, ಈಗ ಮುಂದೆ ನಿಂತು ಹತ್ತುತ್ತಾರೆ. ಆ ಜಲಪಾತ ಕಟ್ಟಿಕೊಳ್ಳುವುದನ್ನು ಡಿಸೆಂಬರಿನಿಂದಲೇ ದಿನಾ ನೋಡಿರುತ್ತಾರೆ, ನಾನು ಜನವರಿಯಲ್ಲಿ ಹೋಗುವವನು. ಹಗ್ಗದ ಮುಂದಿನ ತುದಿ ಈಗ ಹೆಚ್ಚಾಗಿ ಅವರದೇ, ಹಿಂದಿನದು ನನ್ನದು. ‘ನೀವೇ ಲೀಡ್ ಮಾಡಿ ಸರ್’ ಎಂದು ಬೆಂಗಳೂರಿನವರು ಒತ್ತಾಯಿಸಿದರೆ, ಈ ಮಾತನ್ನೇ ಹೇಳಿ ಆ ಹುಡುಗರ ಹಗ್ಗಕ್ಕೆ ಕಟ್ಟಿಸುತ್ತೇನೆ.