ಡಬ್ಬಿಯ ಮುಚ್ಚಳ ನೋಡಿ ಬಣ್ಣ ಆರಿಸಬೇಡಿ

ಮಾದರಿ ರೈಲು ಕಟ್ಟುವವರ ತಾಳ್ಮೆಯನ್ನು ಅನುಮಾನಿಸುವಂತಿಲ್ಲ. ಕೂದಲೆಳೆಯಂಥ ತಂತಿ ಬಾಗಿಸಿ ಎಂಜಿನ್ನಿಗೆ ಹಿಡಿಕೆ ಕೂರಿಸುತ್ತಾರೆ, ಬಾಗಿಲ ತಿರುಗಣೆಗಳನ್ನು ಎಣಿಸಿ ಅಂಟಿಸುತ್ತಾರೆ. ಆಮೇಲೆ ಬಣ್ಣದ ಡಬ್ಬಿಯ ಮುಚ್ಚಳ ನೋಡಿ, ‘ಇದೇ ಹಸಿರು’ ಎಂದು ಬಳಿದುಬಿಡುತ್ತಾರೆ. ಆರು ತಿಂಗಳ ಕೆಲಸ ಒಂದೇ ಸಂಜೆಯಲ್ಲಿ ಆಟಿಕೆಯಾಗುತ್ತದೆ. ನನ್ನ ಮೊದಲ ಮೂರು ಎಂಜಿನ್‌ಗಳು ಹೀಗೇ ಹಾಳಾದವು. ಅನಂತರ ಬೇರೆಯವರ ಎಂಜಿನ್‌ಗಳು ಹಾಳಾಗುವುದನ್ನೂ ಸಾಕಷ್ಟು ನೋಡಿದ್ದೇನೆ. ಎಲ್ಲರೂ ಎಡವುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಅದು ಕೆಳಗಿನ ಮೂರನೆಯ ಹಂತ. ಉಳಿದವನ್ನು ಬೇಗ ಮುಗಿಸೋಣ.

ಹಂತ 1: ಮೊದಲು ಇಸವಿ, ಆಮೇಲೆ ಬಣ್ಣ

ನಿಮ್ಮ ಪುಟ್ಟ ರೈಲು ಓಡುತ್ತಿರುವುದು ಯಾವ ವರ್ಷದಲ್ಲಿ? ಇದಕ್ಕೆ ಉತ್ತರ ಇಲ್ಲದಿದ್ದರೆ ಬಣ್ಣದ ಅಂಗಡಿಗೆ ಹೋಗಬೇಡಿ. ಯುರೋಪಿನ ಮಾದರಿಕಾರರು ರೈಲ್ವೆಯ ಇತಿಹಾಸವನ್ನು ಯುಗಗಳಾಗಿ ವಿಂಗಡಿಸಿ ಎಂಜಿನ್ ಪೆಟ್ಟಿಗೆಯ ಮೇಲೆಯೇ ರೋಮನ್ ಅಂಕಿಯಲ್ಲಿ ಮುದ್ರಿಸುವುದು ಇದೇ ಕಾರಣಕ್ಕೆ.

ಬ್ರಿಟನ್ನಿನ ಹೆಸರಾಂತ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಉಗಿ ಎಂಜಿನ್ನನ್ನೇ ನೋಡಿ. ಎಲ್‌ಎನ್‌ಇಆರ್ ಎಂಬ ಖಾಸಗಿ ರೈಲ್ವೆ ಕಂಪನಿಯ ಕಾಲದಲ್ಲಿ ಅದರ ಮೈ ಸೇಬಿನ ಹಸಿರು, ಸಂಖ್ಯೆ 4472. 1948ರಲ್ಲಿ ಬ್ರಿಟನ್ನಿನ ರೈಲ್ವೆ ರಾಷ್ಟ್ರೀಕರಣವಾದ ಮೇಲೆ ಸಂಖ್ಯೆ 60103 ಆಯಿತು, ಮುಂದೆ ಮೈಯೂ ಕಡುಹಸಿರಾಯಿತು. ಬಾಯ್ಲರ್‌ನ ಮುಂಭಾಗದ ಎರಡೂ ಬದಿಗೆ ಹೊಗೆ ತಳ್ಳುವ ತಗಡುಗಳು ಬಂದದ್ದು 1961ರಲ್ಲಿ. ಅಂದರೆ 1930ರ ದಶಕದ ಸೇಬಿನ ಹಸಿರಿನ ಎಂಜಿನ್ನಿಗೆ ಆ ತಗಡುಗಳನ್ನು ಅಂಟಿಸಿದರೆ ಅಜ್ಜನ ಮದುವೆಯ ಫೋಟೋದಲ್ಲಿ ಮೊಮ್ಮಗನನ್ನು ನಿಲ್ಲಿಸಿದಂತೆ. ಸಂರಕ್ಷಿತ ಎಂಜಿನ್ ಆದ ಮೇಲೆ ಅದು ಹಲವು ವೇಷ ಹಾಕಿದೆ ನಿಜ. ಆದರೆ ಪ್ರವಾಸಿಗರನ್ನು ಎಳೆಯುವ ಎಂಜಿನ್ನಿನ ಬಣ್ಣ ಹಳೆಯ ದಿನಗಳಿಗೆ ಸಾಕ್ಷಿಯಲ್ಲ.

ಬೋಗಿಗಳಿಗೂ ಇದೇ ಮಾತು. ಭಾರತೀಯ ರೈಲ್ವೆಯ ಕೆಂಗಂದು ಬೋಗಿಗಳು ನೀಲಿಗೆ ಹೊರಳಿದ್ದು 1990ರ ದಶಕದಲ್ಲಿ, ಬ್ರಾಡ್‌ಗೇಜ್‌ನಲ್ಲಿ ಉಗಿಬಂಡಿಯ ಕಾಲ ಮುಗಿಯುತ್ತ ಬಂದಾಗ. ಡಬ್ಲ್ಯುಪಿ ಉಗಿ ಎಂಜಿನ್ನಿನ ಹಿಂದೆ ಉದ್ದಕ್ಕೂ ನೀಲಿ ಬೋಗಿ ಕಟ್ಟಿದರೆ ನೋಡುವವರು ಮರ್ಯಾದೆಗೆ ಸುಮ್ಮನಿರುತ್ತಾರೆ, ಅಷ್ಟೆ.

ಅಪವಾದಗಳು ಇರುತ್ತವೆ. ಬ್ರಿಟನ್ನಿನ ಸರ್ಕಾರಿ ರೈಲ್ವೆಯಾದ ‘ಬ್ರಿಟಿಷ್ ರೈಲು’ 1965ರಲ್ಲಿ ಹೊಸ ನೀಲಿಗೆ ಬದಲಾಯಿತು, 1968ರಲ್ಲಿ ಉಗಿಬಂಡಿಗಳನ್ನು ಕೈಬಿಟ್ಟಿತು. ಹಾಗಾದರೆ ಆ ನೀಲಿಯ ಉಗಿ ಎಂಜಿನ್ ಇರಲೇ ಇಲ್ಲವೇ? ಇತ್ತು. ವೇಲ್ಸ್‌ನ ವೇಲ್ ಆಫ್ ರೈಡಾಲ್ ಎಂಬ ಕಿರುಹಳಿ ಮಾರ್ಗದ ಎಂಜಿನ್‌ಗಳು ಆ ನೀಲಿಯನ್ನು ತೊಟ್ಟು ಓಡಿದವು. ಅಪವಾದ ಬೇಕಾದರೆ ಫೋಟೋ ಜೊತೆಗಿರಲಿ.

ಹಂತ 2: ಫೋಟೋ ನಂಬಿ, ಆದರೆ ಪೂರ್ತಿ ನಂಬಬೇಡಿ

ಹಳೆಯ ಕಪ್ಪುಬಿಳುಪು ಫೋಟೋಗಳು ಬಣ್ಣದ ವಿಷಯದಲ್ಲಿ ಸುಳ್ಳು ಹೇಳುತ್ತವೆ. ಆಗಿನ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪು ಎಂಜಿನ್ ಅದರಲ್ಲಿ ಕಪ್ಪಾಗಿ, ನೀಲಿ ಎಂಜಿನ್ ಮಸುಕು ಬಿಳಿಯಾಗಿ ಮೂಡುತ್ತಿತ್ತು. ಇನ್ನು ಕಾರ್ಖಾನೆಯವರು ವಿವರಗಳು ಸ್ಪಷ್ಟವಾಗಿ ಕಾಣಲೆಂದು ಹೊಸ ಎಂಜಿನ್ನಿಗೆ ಬೂದು ಬಣ್ಣ ಬಳಿದು ಫೋಟೋ ತೆಗೆಸುತ್ತಿದ್ದರು. ಆ ಬೂದು ಫೋಟೋಗೆಂದೇ ಹಾಕಿದ ವೇಷ. ಅದನ್ನು ನಂಬಿ ಬೂದು ಎಂಜಿನ್ ಮಾಡಿ ಹಳಿಯ ಮೇಲೆ ಓಡಿಸಿದವರಿದ್ದಾರೆ.

ಬಣ್ಣದ ಹೆಸರುಗಳೂ ಮೋಸ ಮಾಡುತ್ತವೆ. ಲಂಡನ್–ಬ್ರೈಟನ್ ಮಾರ್ಗದ ಎಂಜಿನ್‌ಗಳಿಗೆ ಅದರ ಎಂಜಿನ್ ವಿಭಾಗದ ಮುಖ್ಯಸ್ಥ ವಿಲಿಯಂ ಸ್ಟ್ರೌಡ್ಲಿ ಕೊಡಿಸಿದ ಬಣ್ಣದ ಹೆಸರು ‘ಸುಧಾರಿತ ಎಂಜಿನ್ ಹಸಿರು’. ಕಣ್ಣಿಗೆ ಅದು ಹೊಂಬಣ್ಣದ ಕಾವಿ! ಜರ್ಮನಿಯ ಎಂಜಿನ್ ಮಾಡುವವರು ಪುಣ್ಯವಂತರು. ಅವರಿಗೆ ರಾಲ್ ಎಂಬ, ಒಂದೊಂದು ಬಣ್ಣಕ್ಕೂ ಒಂದು ಸಂಖ್ಯೆ ಕೊಟ್ಟ ಪ್ರಮಾಣಿತ ಪಟ್ಟಿಯ ಸಂಖ್ಯೆಗಳಿವೆ. ಉಗಿ ಎಂಜಿನ್ನಿನ ಮೈಗೆ 9005ರ ಕಪ್ಪು, ಚಕ್ರ ಮತ್ತು ಚೌಕಟ್ಟಿಗೆ 3002ರ ಕೆಂಪು. ಟಿಇಇ (ಟ್ರಾನ್ಸ್ ಯುರೋಪ್ ಎಕ್ಸ್‌ಪ್ರೆಸ್) ರೈಲಿನ ಬೋಗಿಗೆ 3004ರ ಕಡುಗೆಂಪು, 1001ರ ಕೆನೆ. ಆದರೂ ಸಂಖ್ಯೆ ಸಿಕ್ಕಿತೆಂದು ಕೆಲಸ ಮುಗಿಯಲಿಲ್ಲ. ಅದೇ ಮುಂದಿನ ಮಾತು.

ಹಂತ 3: ನಿಮ್ಮ ದೀಪದ ಕೆಳಗೆ, ನಿಮ್ಮ ದೂರದಲ್ಲಿ

ಒಬ್ಬರು ನಿಜವಾದ ಬೋಗಿಯಿಂದ ಕಿತ್ತುಬಂದ ಬಣ್ಣದ ಚೂರನ್ನೇ ಮುಂದಿಟ್ಟುಕೊಂಡು, ಅದಕ್ಕೆ ಎಳ್ಳಷ್ಟೂ ವ್ಯತ್ಯಾಸವಿಲ್ಲದಂತೆ ಬಣ್ಣ ಕಲಸಿ ಬಳಿದರು. ಬೋಗಿ ಹಳಿಗೆ ಬಂದಾಗ ಕರ್ರಗೆ, ಭಾರವಾಗಿ ಕಂಡಿತು. ಬಣ್ಣ ಸರಿಯಾಗಿಯೇ ಇತ್ತು, ದೂರ ತಪ್ಪಿತ್ತು.

1:87ರ, ಅಂದರೆ ನಿಜದ 87ರಲ್ಲಿ ಒಂದು ಪಾಲಿನ, ಎಚ್‌ಒ ಅಳತೆಯ ಮಾದರಿಯನ್ನು ಒಂದು ಮೀಟರ್ ದೂರದಿಂದ ನೋಡುವುದೆಂದರೆ ನಿಜವಾದ ರೈಲನ್ನು 87 ಮೀಟರ್ ದೂರದಿಂದ ನೋಡಿದಂತೆ. 1:160ರ ಎನ್ ಮಾದರಿಯಾದರೆ 160 ಮೀಟರ್. ಅಷ್ಟು ದೂರದ ವಸ್ತುವಿನ ಬಣ್ಣ ನಡುವಿನ ಗಾಳಿಯಲ್ಲಿ ತುಸು ಮಂಕಾಗಿ, ತಿಳಿಯಾಗಿ ಕಣ್ಣಿಗೆ ತಲುಪುತ್ತದೆ. ನಿಮ್ಮ ಕೋಣೆಯಲ್ಲಿ ಅಷ್ಟು ಗಾಳಿ ಇಲ್ಲ. ಆ ಮಂಕನ್ನು ನೀವೇ ಬೆರೆಸಬೇಕು. ಮಾದರಿ ಚಿಕ್ಕದಾದಷ್ಟೂ ಬೆರೆಸುವುದು ಹೆಚ್ಚು.

ಎಚ್‌ಒ ಮಾದರಿಗೆ ನಾನು ಹತ್ತು ಹನಿ ಬಣ್ಣಕ್ಕೆ ಒಂದು ಹನಿ ಬಿಳಿಯಿಂದ ಶುರುಮಾಡುತ್ತೇನೆ. ಎಲ್ಲದಕ್ಕೂ ಬಿಳಿ ಸುರಿಯಬೇಡಿ. ಕೆಂಪಿಗೆ ಬಿಳಿ ಹಾಕಿದರೆ ಗುಲಾಬಿ ಬೋಗಿ ತಯಾರಾಗುತ್ತದೆ. ಕೆಂಪಿಗೆ ಕೆನೆ ಬಣ್ಣವೋ ತಿಳಿ ಕಾವಿಯೋ ಹೊಂದುತ್ತದೆ. ಕಪ್ಪಿಗೆ ಬಿಳಿ ಬೆರೆತರೆ ನೀಲಿ ಛಾಯೆ ಇಣುಕುತ್ತದೆ, ಒಂದು ಹನಿ ಕಂದು ಹಾಕಿ ಅದನ್ನು ಅಡಗಿಸಿ. ಡಬ್ಬಿಯ ಶುದ್ಧ ಕಪ್ಪನ್ನು ಉಗಿ ಎಂಜಿನ್ನಿನ ಮೈಗೆ ಎಂದೂ ಬಳಿಯಬೇಡಿ. ರಿವೆಟ್ಟು, ಪೈಪು, ಮೆಟ್ಟಿಲು ಎಲ್ಲವನ್ನೂ ಅದು ನುಂಗಿಹಾಕುತ್ತದೆ. ಕಡುಬೂದಿನ ಮೇಲೆ ಅವೇ ವಿವರಗಳು ತಾವಾಗಿ ಎದ್ದು ಬರುತ್ತವೆ. ಚಾವಣಿಗೆ ಶುದ್ಧ ಬಿಳಿಯೂ ಬೇಡ.

ಈಗ ಪರೀಕ್ಷೆ. ಬಿಳಿ ಪ್ಲಾಸ್ಟಿಕ್ ಚಮಚಗಳ ಒಂದು ಕಟ್ಟು ತನ್ನಿ. ಚಮಚದ ಬೆನ್ನು ಬಾಯ್ಲರಿನಂತೆಯೇ ಉಬ್ಬಿರುತ್ತದೆ, ಬೆಳಕು ಅದರ ಮೇಲೂ ಹಾಗೇ ಜಾರುತ್ತದೆ. ಎಂಜಿನ್ನಿಗೆ ಬಣ್ಣದ ಅಡಿಯಲ್ಲಿ ಹಾಕುವ ಪ್ರೈಮರನ್ನೇ ಚಮಚಕ್ಕೂ ಹಾಕಿ. ಮಿಶ್ರಣವನ್ನು ಮೂರು ಬಗೆಯಲ್ಲಿ ಕಲಸಿ ಮೂರು ಚಮಚಕ್ಕೆ ಎರಡೆರಡು ಸಲ ಬಳಿದು, ಹನಿಗಳ ಲೆಕ್ಕವನ್ನು ಹಿಡಿಯ ಮೇಲೆ ಬರೆಯಿರಿ. ಒಂದು ದಿನ ಮುಟ್ಟಬೇಡಿ. ಹಸಿಯಾಗಿರುವಾಗ ತೀರ್ಮಾನ ಮಾಡುವವರೇ ಹೆಚ್ಚು, ಅಕ್ರಿಲಿಕ್ ಬಣ್ಣವೋ ಒಣಗಿದಾಗ ಇನ್ನಷ್ಟು ಗಾಢವಾಗುತ್ತದೆ. ಒಣಗಿದ ಮೇಲೆ ಚಮಚದ ಅರ್ಧಕ್ಕೆ ವಾರ್ನಿಷ್ ಬಳಿಯಿರಿ. ವಾರ್ನಿಷ್ ಕೂಡ ಛಾಯೆ ಬದಲಿಸುತ್ತದೆ.

ಆಮೇಲೆ ಚಮಚಗಳನ್ನು ಹಳಿಯ ಮೇಲೆ ಮಗುಚಿಟ್ಟು, ಲೇಔಟಿನ (ಮಾದರಿ ರೈಲು ಓಡುವ ಹಾಸಿನ) ದೀಪ ಹಾಕಿ, ನೀವು ರೈಲು ಓಡಿಸುವಾಗ ನಿಲ್ಲುವ ಜಾಗದಲ್ಲಿ ನಿಂತು ನೋಡಿ. ಕಿಟಕಿಯ ಬಳಿಯಲ್ಲ, ಕೆಲಸದ ಮೇಜಿನ ದೀಪದ ಕೆಳಗೂ ಅಲ್ಲ. ಹಳದಿ ಬೆಳಕಿನ ಬಲ್ಬಿನಡಿ ನೀಲಿ ಸತ್ತುಹೋಗುತ್ತದೆ, ಕೆಂಪು ಕೆರಳುತ್ತದೆ. ಹಗಲಲ್ಲಿ ಅವಳಿಗಳಂತೆ ಕಂಡ ಎರಡು ನೀಲಿಗಳು ದೀಪ ಹಾಕಿದೊಡನೆ ಬೇರೆಯಾಗುವುದೂ ಉಂಟು, ಏಕೆಂದರೆ ಅವುಗಳೊಳಗಿನ ವರ್ಣದ್ರವ್ಯ ಬೇರೆ ಬೇರೆ. ಆದ್ದರಿಂದ ಮೊದಲು ದೀಪ ನಿರ್ಧರಿಸಿ, ಆಮೇಲೆ ಬಣ್ಣ. ನನ್ನ ಆಯ್ಕೆ 4000 ಕೆಲ್ವಿನ್‌ನ (ತೀರ ಹಳದಿಯೂ ಅಲ್ಲ, ತೀರ ನೀಲಿಯೂ ಅಲ್ಲದ ಬಿಳಿ) ಎಲ್‌ಇಡಿ; ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆಂದು ಹೇಳುವ ಸಿಆರ್‌ಐ ಅಂಕ 90ಕ್ಕಿಂತ ಮೇಲೆ. ಬಣ್ಣ ಬದಲಿಸುವ ರಿಮೋಟ್ ದೀಪಗಳನ್ನು ದಯವಿಟ್ಟು ಹಬ್ಬಕ್ಕೆ ಇಟ್ಟುಕೊಳ್ಳಿ.

ಮೊಬೈಲ್ ಪರದೆಯನ್ನು ಚಮಚದ ಪಕ್ಕ ಹಿಡಿದು ಹೋಲಿಸುವುದು ಇತ್ತೀಚಿನ ಚಟ. ಪರದೆ ತಾನೇ ಬೆಳಕು ಬೀರುತ್ತದೆ, ಚಮಚ ಬಿದ್ದ ಬೆಳಕನ್ನು ಹಿಂದಿರುಗಿಸುತ್ತದೆ. ಇವೆರಡೂ ಎಂದೂ ಹೊಂದುವುದಿಲ್ಲ.

ಹಂತ 4: ಪ್ರೈಮರ್

ಗಾಢ ಬಣ್ಣಕ್ಕೆ ಬೂದು, ಹಳದಿಗೂ ಕೆಂಪಿಗೂ ಬಿಳಿ. ಮುಗಿಯಿತು.

ಹಂತ 5: ಎರಡು ಬಣ್ಣ ಸೇರುವ ಗೆರೆ

ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಕಂದು–ಕೆನೆಯ ಪುಲ್‌ಮನ್ (ಐಷಾರಾಮಿ) ಬೋಗಿಯಾದರೆ ಮೊದಲು ಮೈಯೆಲ್ಲ ಕೆನೆ. ಟೇಪ್ ಹಚ್ಚಿ, ಅಂಚನ್ನು ಉಗುರಿನಿಂದ ಒತ್ತಿ, ಅಂಚಿನ ಮೇಲೆ ಅದೇ ಕೆನೆಯನ್ನು ಇನ್ನೊಮ್ಮೆ ತೆಳ್ಳಗೆ ಹಾಯಿಸಿ. ಸೋರುವುದಿದ್ದರೆ ಕೆನೆಯೇ ಸೋರಲಿ. ಆಮೇಲೆ ಕಂದು. ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪನ್ನು ಹಿಂದಕ್ಕೆ ಮಡಚಿ ನಿಧಾನಕ್ಕೆ ಎಳೆಯಿರಿ.

ಟೇಪಿನಲ್ಲಿ ಜಿಪುಣತನ ಬೇಡ. ಗೋಡೆಗೆ ಸುಣ್ಣ ಬಳಿಯುವವರ ಒರಟು ಟೇಪಿನಿಂದ ನನ್ನ ಒಂದು ಬೋಗಿಯ ಅರ್ಧ ಬಣ್ಣ ಕಿತ್ತುಬಂತು, ಉಳಿದರ್ಧದ ಮೇಲೆ ಅಂಟು ಉಳಿಯಿತು. ಮಾದರಿಕಾರರ ತೆಳು ಟೇಪ್ ಬೇರೆಯೇ ವಸ್ತು. ಎನಾಮೆಲ್ ಬಣ್ಣದ ಮೇಲೆ ತೀಕ್ಷ್ಣ ದ್ರಾವಕದ ಲ್ಯಾಕರ್ ಬಣ್ಣ ಸಿಂಪಡಿಸುವ ಅಡ್ಡದಾರಿಯೂ ಬೇಡ, ಅಡಿಯ ಪದರ ಹಳೆಯ ಹಾಲಿನ ಕೆನೆಯಂತೆ ಸುಕ್ಕುಗಟ್ಟುತ್ತದೆ.

ಅಂಚಿನ ಚಿನ್ನದ ಗೆರೆಗಳನ್ನು ಕೈಯಿಂದ ಎಳೆಯುವ ಆಸೆಯಿದೆಯೇ? ಅರ್ಧ ಅಂಗುಲದ ಗೆರೆ 1:76ರಲ್ಲಿ 0.17 ಮಿಲಿಮೀಟರ್ ಆಗುತ್ತದೆ. ಡೆಕಾಲ್, ಅಂದರೆ ನೀರಿನಲ್ಲಿ ನೆನೆಸಿ ಹಚ್ಚುವ ಅಚ್ಚಾದ ತೆಳುಪೊರೆ, ತಂದು ಅಂಟಿಸಿ. ಅಂಟಿಸುವ ಮೊದಲು ಹೊಳಪಿನ ವಾರ್ನಿಷ್, ಅಂಟಿಸಿದ ಮೇಲೆ ಅರೆಹೊಳಪಿನದು. ಒರಟು ಮ್ಯಾಟ್ ಮೈಗೆ ನೇರವಾಗಿ ಹಚ್ಚಿದರೆ ಡೆಕಾಲಿನ ಕೆಳಗೆ ಗಾಳಿ ಸಿಕ್ಕಿ ಬೆಳ್ಳಿಯ ಮಚ್ಚೆಗಳು ಕಾಣುತ್ತವೆ.

ಸ್ವಂತ ರೈಲ್ವೆ ಕಲ್ಪಿಸಿಕೊಂಡವರಿಗೆ

ಮೂರು ಬಣ್ಣ ಸಾಕು: ಮೈಗೊಂದು ಗಾಢ, ಕಿಟಕಿ ಸಾಲಿಗೊಂದು ತಿಳಿ, ನಡುವೆ ಒಂದು ಗೆರೆ. ನೇರಳೆ ಬೇಡವೇ ಬೇಡ. ಅಮೆರಿಕದ ಸಾಂಟಾ ಫೆ ರೈಲ್ವೆಯ ಡೀಸೆಲ್ ಎಂಜಿನ್‌ಗಳ ಕೆಂಪು–ಬೆಳ್ಳಿಯನ್ನು ನೋಡಿ ಆಸೆಪಡುವವರು ಒಂದು ಮಾತು ನೆನಪಿಡಿ. ಅಲ್ಲಿ ಬೆಳ್ಳಿಯಾಗಿ ಹೊಳೆಯುವುದು ಸ್ಟೇನ್‌ಲೆಸ್ ಉಕ್ಕಿನ ಬೋಗಿಗಳ ಜೊತೆಗೆ ಹೊಂದಲೆಂದು ಬಂದ ಬಣ್ಣ. ಮರದ ಬೋಗಿಗಳ ಮುಂದೆ ಅದು ಬಾಡಿಗೆಗೆ ತಂದ ಎಂಜಿನ್ನಿನಂತಿರುತ್ತದೆ.

ಹಂತ 6: ಒಂದೇ ಸಲ ಕಲಸುವುದು, ಒಂದೊಂದಾಗಿ ಕಲಸುವುದು

ಪ್ರಯಾಣಿಕರ ಬೋಗಿಗಳಿಗೆ ಇಡೀ ಸಾಲಿಗೆ ಸಾಲುವಷ್ಟು ಬಣ್ಣವನ್ನು ಒಂದೇ ಸಲ ಕಲಸಿ, ಮೇಲೆ ಒಂದಿಷ್ಟು ಉಳಿಸಿ ಬಿಗಿ ಮುಚ್ಚಳದ ಶೀಶೆಯಲ್ಲಿಡಿ. ಮುಂದೆ ಗೀರು ಬಿದ್ದಾಗ ತೇಪೆಗೆ ಬೇಕಾಗುತ್ತದೆ.

ಗೂಡ್ಸ್ ವ್ಯಾಗನ್‌ಗಳಿಗೆ ಇದರ ತಿರುಗುಮುರುಗು. ಬ್ರಿಟಿಷ್ ರೈಲಿನ ಕಾಲದಲ್ಲಿ ಕೈಬ್ರೇಕ್ ಮಾತ್ರ ಇದ್ದ ವ್ಯಾಗನ್ನುಗಳಿಗೆ ಬೂದು, ನಿರ್ವಾತ ಬ್ರೇಕ್ ಇದ್ದವಕ್ಕೆ ಕಂದುಗೆಂಪು ಎಂಬ ನಿಯಮವಿತ್ತು. ಆದರೆ ಬಿಸಿಲಿಗೆ ಒಂದು ಮಾಸಿದರೆ ಇನ್ನೊಂದು ಕಲ್ಲಿದ್ದಲ ಮಸಿ ಹಿಡಿದಿರುತ್ತಿತ್ತು, ಮತ್ತೊಂದು ಮೊನ್ನೆಯಷ್ಟೇ ಬಣ್ಣ ಕಂಡಿರುತ್ತಿತ್ತು. ಹಾಗಾಗಿ ಅದೇ ಬೂದಿಗೆ ಒಂದು ವ್ಯಾಗನ್ನಿಗೆ ಒಂದು ಹನಿ ಬಿಳಿ, ಇನ್ನೊಂದಕ್ಕೆ ಒಂದು ಹನಿ ಕಂದು, ಮೂರನೆಯದಕ್ಕೆ ಏನೂ ಇಲ್ಲ. ಹನ್ನೆರಡು ವ್ಯಾಗನ್ನುಗಳ ಸಾಲಿನಲ್ಲಿ ಒಂದರ ಒಂದೇ ಹಲಗೆಯನ್ನು ಬಣ್ಣವಿಲ್ಲದ ಹೊಸ ಮರದಂತೆ ಬಿಟ್ಟುನೋಡಿ. ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.