ಕಾರಿನ ಅರ್ತಿಂಗ್ ಸರಿಮಾಡಿದ ಕಥೆ

ಬೆಳಿಗ್ಗೆ ಚಾವಿ ತಿರುಗಿಸಿದರೆ ಸ್ಟಾರ್ಟರ್ ನಿದ್ದೆಗಣ್ಣಲ್ಲಿ ಎದ್ದವರ ಹಾಗೆ ಗೊಣಗುತ್ತಿತ್ತು. ಇಂಡಿಕೇಟರ್ ಹಾಕಿದರೆ ಹಿಂದಿನ ಪಾರ್ಕಿಂಗ್ ಲೈಟೂ ಅದರ ಜೊತೆ ಮಿಣುಕುತ್ತಿತ್ತು. ಬ್ಯಾಟರಿ ಹೋಗಿದೆ ಅಂತ ಹೊಸದು ಹಾಕಿಸಿದೆ. ಮೊದಲೆರಡು ದಿನ ಚೆನ್ನಾಗಿದೆ ಅನ್ನಿಸಿತು, ಆಮೇಲೆ ಮತ್ತೆ ಅದೇ ರಾಗ. ದುಡ್ಡು ಸುಮ್ನೆ ಹೋಯಿತು.

ಆಗ ಅರ್ತಿಂಗ್ ಕಡೆ, ಅಂದರೆ ಕರೆಂಟ್ ಕಾರಿನ ಲೋಹದ ಬಾಡಿಯ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ವಾಪಸಾಗುವ ದಾರಿಯ ಕಡೆ, ಗಮನ ಹೋಯಿತು. ಎಂಜಿನ್ ಕೂತಿರುವುದು ರಬ್ಬರ್ ಮೌಂಟ್‌ಗಳ ಮೇಲೆ, ರಬ್ಬರಿನಲ್ಲಿ ಕರೆಂಟ್ ಹರಿಯಲ್ಲ. ಅದಕ್ಕೇ ಎಂಜಿನ್‌ನಿಂದ ಬಾಡಿಗೆ ಒಂದು ದಪ್ಪ ತಾಮ್ರದ ಪಟ್ಟಿ ಇರುತ್ತದೆ. ಅದು ಕೆಟ್ಟರೆ ಕರೆಂಟ್ ಸಿಕ್ಕ ದಾರಿ ಹಿಡಿಯುತ್ತದೆ. ಆಕ್ಸಿಲರೇಟರ್ ಕೇಬಲ್ ಬಿಸಿಯಾಗಿ ಒಳಗೇ ಅಂಟಿಕೊಳ್ಳುವುದೂ ಉಂಟು.

ಮೊದಲು ಮಾಡಿದ ತಪ್ಪು, ಮಲ್ಟಿಮೀಟರನ್ನು ಓಮ್ಸ್‌ನಲ್ಲಿ, ಅಂದರೆ ರೆಸಿಸ್ಟೆನ್ಸ್ ಅಳೆಯಲು, ಇಟ್ಟಿದ್ದು. 0.2 ತೋರಿಸಿತು. ಎರಡು ಪ್ರೋಬ್ ಒಂದಕ್ಕೊಂದು ತಾಗಿಸಿದರೂ ಅಷ್ಟೇ! ಪಟ್ಟಿಯಲ್ಲಿ ನಾಲ್ಕೇ ಎಳೆ ಉಳಿದಿದ್ದರೂ ಮೀಟರ್ ಸರಿಯಿದೆ ಅನ್ನುತ್ತದೆ. ಲೋಡ್ ಬಿದ್ದು ಜೋರಾಗಿ ಕರೆಂಟ್ ಹರಿದಾಗಲೇ ಬಣ್ಣ ಬಯಲಾಗುವುದು. ಹಾಗಾಗಿ ಡಿಸಿ ವೋಲ್ಟ್‌ಗೆ ತಿರುಗಿಸಿ, ಕಪ್ಪು ಪ್ರೋಬನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಹಿಡಿದೆ. ಕ್ಲಾಂಪಿಗಲ್ಲ, ಕಂಬಕ್ಕೇ. ಕೆಂಪನ್ನು ಎಂಜಿನ್ ಬ್ಲಾಕಿಗೆ ಒತ್ತಿ, ಗೇರ್ ನ್ಯೂಟ್ರಲ್ ಮಾಡಿಸಿ, ಮಗನಿಗೆ ಚಾವಿ ತಿರುಗಿಸು ಅಂದೆ. 0.9 ವೋಲ್ಟ್. ದಾರಿಯಲ್ಲಿ ಕಳೆದುಹೋಗುವ ಈ ವೋಲ್ಟೇಜ್ 0.2ರ ಒಳಗಿರಬೇಕು. ಸ್ಟಾರ್ಟರ್ 150 ಆಂಪಿಯರ್ ಎಳೆದರೆ 135 ವ್ಯಾಟ್ ದಾರಿಯಲ್ಲೇ ಬಿಸಿಯಾಗಿ ಹೋಗುತ್ತಿದೆ ಅಂತ ಲೆಕ್ಕ.

ಕೆಂಪು ಪ್ರೋಬನ್ನು ಒಂದೊಂದೇ ಜಾಯಿಂಟ್ ಹಿಂದಕ್ಕೆ ತಂದೆ. ಬಾಡಿ ಕಡೆ ಪಟ್ಟಿಯ ತುದಿಯಲ್ಲಿರುವ ಲಗ್ (ಬೋಲ್ಟ್ ಕೂರುವ ಲೋಹದ ಬಳೆ) ಮೇಲೆ ಇಟ್ಟಾಗ 0.8, ಪಕ್ಕದ ಬಾಡಿ ತಗಡಿನ ಮೇಲೆ 0.1. ಆ ಜಾಯಿಂಟಿನಲ್ಲೇ ಕಳ್ಳ ಸಿಕ್ಕಿದ. ಹೊರಗಿಂದ ಬೋಲ್ಟ್ ಫಳಫಳ ಹೊಳೆಯುತ್ತಿತ್ತು, ನೋಡಿದರೆ ಯಾರಿಗೂ ಅನುಮಾನ ಬರಲ್ಲ.

ಬ್ಯಾಟರಿಯ ನೆಗೆಟಿವ್ ಮೊದಲು ಕಳಚಿ ಬೋಲ್ಟ್ ಬಿಚ್ಚಿದೆ. ಲಗ್ ಕೆಳಗೆ ಪೇಂಟ್! ಹಿಂದೆ ಯಾವಾಗಲೋ ಬಾಡಿಗೆ ಬಣ್ಣ ಹೊಡೆದವರು ಅದರ ಮೇಲೇ ಲಗ್ ಕೂರಿಸಿ ಬಿಗಿದಿದ್ದರು. ಕರೆಂಟ್ ಬರೀ ಬೋಲ್ಟಿನ ತ್ರೆಡ್ ಮೂಲಕ ಹರಿಯುತ್ತಿತ್ತು, ಅಲ್ಲೂ ತುಕ್ಕು. ಲಗ್ ಕೂರುವಷ್ಟು ಜಾಗವನ್ನು ಎಮರಿ ಪೇಪರಿನಿಂದ ಬೆಳ್ಳಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದೆ. ಪೆಟ್ರೋಲಿಯಂ ಜೆಲ್ಲಿ ಬಳಿದದ್ದು ಬಿಗಿದ ಮೇಲೆ, ಹೊರಗಿನಿಂದ. ಅದರಿಂದ ಕರೆಂಟ್ ಜಾಸ್ತಿ ಹರಿಯಲ್ಲ, ನೀರು ತಡೆಯಲಷ್ಟೇ ಅದು. ಎಳೆ ಕಿತ್ತ ಹಳೇ ಪಟ್ಟಿಗೂ ಅಲ್ಲೇ ವಿದಾಯ. 25 ಚದರ ಮಿ.ಮೀ. ಕೇಬಲ್ ಹಾಕಿದೆ, ಎಂಜಿನ್ ಅಲುಗುತ್ತದಲ್ವಾ, ಸ್ವಲ್ಪ ಸಡಿಲ ಬಿಟ್ಟೇ. ಮತ್ತೆ ಅಳೆದರೆ 0.08.

ಸ್ಟಾರ್ಟರ್ ಈಗ ಒಂದೇ ಏಟಿಗೆ ಏಳುತ್ತದೆ. ಆದರೆ ಪಾರ್ಕಿಂಗ್ ಲೈಟ್ ಮಿಣುಕುವುದು ನಿಲ್ಲಲಿಲ್ಲ. ಅದರ ಅರ್ತ್ ಬೇರೆ, ಡಿಕ್ಕಿ ಮೂಲೆಯಲ್ಲಿ ಒಂದು ಚಿಕ್ಕ ಸ್ಕ್ರೂ. ಬಿಚ್ಚಿದರೆ ಹಸಿರು ಕಿಲುಬು. ಉಜ್ಜಿ ಬಿಗಿಯಲು ಹತ್ತು ನಿಮಿಷ, ಆ ಸ್ಕ್ರೂ ಹುಡುಕಲು ಒಂದು ಭಾನುವಾರ.